ಚಳಿಗಾಲಕ್ಕಲ್ಲ, ಶ್ರಾವಣಕ್ಕೆ ಕೂಡಿಡಬೇಕು

ಕಷ್ಟಕಾಲಕ್ಕೆಂದು ಮನೆಯಲ್ಲಿ ದವಸ ಕೂಡಿಡುವ ಮಾತು ಬಂದಾಗಲೆಲ್ಲ ಈಚೆಗೆ ಚಳಿಗಾಲದ ಹೆಸರು ಕೇಳಿಬರುತ್ತಿದೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳಲ್ಲಿ ಯಾರೋ ತಮ್ಮ ನೆಲಮಾಳಿಗೆಯ ಗೂಡುಗಳಲ್ಲಿ ಸಾಲಾಗಿ ಜೋಡಿಸಿದ ಡಬ್ಬಿಗಳನ್ನು ತೋರಿಸುತ್ತಾರೆ, ನಮ್ಮವರೂ ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಕಲಬುರಗಿ, ಬೀದರ, ಯಾದಗಿರಿ ಸೀಮೆಯ ಮಟ್ಟಿಗೆ ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ತಕರಾರು. ನಮ್ಮಲ್ಲಿ ಚಳಿಗಾಲ ಮನೆ ತುಂಬುವ ಕಾಲ. ಮನೆ ಬರಿದಾಗುವುದು ಆಷಾಢ ಕಳೆದು ಶ್ರಾವಣ, ಭಾದ್ರಪದ ನಡೆಯುವಾಗ.

ನನ್ನ ತಂಗಿಯ ಮಗ ಸ್ವೀಡನ್ನಿನಲ್ಲಿದ್ದಾನೆ. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಯುದ್ಧ ಅಥವಾ ವಿಪತ್ತು ಬಂದರೆ ಏನು ಮಾಡಬೇಕೆಂದು ತಿಳಿಸುವ 32 ಪುಟಗಳ ಪುಸ್ತಿಕೆಯೊಂದನ್ನು ಮನೆಮನೆಗೂ ಅಂಚೆಯಲ್ಲಿ ಕಳಿಸಿತು. ಕನಿಷ್ಠ ಒಂದು ವಾರ ಯಾರ ನೆರವೂ ಇಲ್ಲದೆ ಬದುಕುವಷ್ಟು ಆಹಾರ, ನೀರು, ಬೆಚ್ಚಗಿರಲು ಬೇಕಾದ ಹೊದಿಕೆ ಇಟ್ಟುಕೊಳ್ಳಿ ಎಂಬುದು ಅದರ ಸಾರ. ಅದಾದ ಕೆಲವೇ ತಿಂಗಳಿಗೆ, 2025ರ ಮಾರ್ಚಿನಲ್ಲಿ, ಯುರೋಪಿಯನ್ ಒಕ್ಕೂಟವೂ ಪ್ರತಿ ಮನೆಯಲ್ಲಿ 72 ಗಂಟೆಗೆ ಸಾಲುವಷ್ಟು ಸಾಮಾನು ಇರಬೇಕೆಂದು ಹೇಳಿತು. ಹುಡುಗ ಗಾಬರಿಯಾಗಿ ಫೋನ್ ಮಾಡಿ, "ದೊಡ್ಡವ್ವ, ನೀವೂ ಒಂದು ವಾರದ್ದು ಕೂಡಿಸಿ ಇಟ್ಟುಕೊಳ್ರಿ" ಎಂದ. ನನಗೆ ನಗು ಬಂತು. ಒಂದು ವಾರದ ಸಂಗ್ರಹವನ್ನು ನಮ್ಮ ಆಯಿ ಸಂಗ್ರಹವೆಂದು ಕರೆಯುತ್ತಲೇ ಇರಲಿಲ್ಲ. ಹಿಮ ಬಿದ್ದು ದಾರಿ ಮುಚ್ಚುವ, ಕರೆಂಟು ಹೋದರೆ ಜೀವಕ್ಕೇ ಅಪಾಯವಾಗುವ ನಾಡಿಗೆ ಆ ಪುಸ್ತಿಕೆ ಸರಿಯಾಗಿಯೇ ಇದೆ. ಆದರೆ ನಮ್ಮ ಅಪಾಯಗಳ ತಿಂಗಳು ಬೇರೆ, ಮುಖ ಬೇರೆ.

ಹೊಲದ ಲೆಕ್ಕ ನೋಡಿದರೆ ಇದು ತಿಳಿಯುತ್ತದೆ. ಮುಂಗಾರಿಗೆ ಬಿತ್ತಿದ ತೊಗರಿ ಕೊಯ್ಲಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವಾಗ ಸುತ್ತ ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ; ಅದು ಕಣಕ್ಕೆ ಬರುವುದು ಫೆಬ್ರವರಿ, ಮಾರ್ಚಿನಲ್ಲಿ. ಕಡಲೆ, ಕುಸುಬೆ ಕೂಡ ಆ ಹೊತ್ತಿಗೇ. ಅಂದರೆ ನಮ್ಮ ವರ್ಷದ ಅನ್ನವೆಲ್ಲ ಯುಗಾದಿಯ ಒಳಗೆ ಮನೆ ಸೇರಬೇಕು. ಮುಂದೆ ಆಗಸ್ಟ್‌ನಲ್ಲಿ ಹೆಸರು, ಅದರ ಹಿಂದೆ ಉದ್ದು ಬರುವ ತನಕ ಹೊಲದಿಂದ ಏನೂ ಬರುವುದಿಲ್ಲ. ಬೀಜ, ಗೊಬ್ಬರಕ್ಕೆ ಹಣ ಮಾತ್ರ ಹೊರಗೆ ಹೋಗುತ್ತದೆ. ಮಕ್ಕಳ ಶಾಲೆಯ ಖರ್ಚು ಬರುವುದೂ ಆಗಲೇ, ಮಳೆ ಕೈಕೊಟ್ಟರೆ ಕೂಲಿ ನಿಲ್ಲುವುದೂ ಆಗಲೇ. ಹಾಗಾಗಿ ಸುಗ್ಗಿಯಲ್ಲಿ ಸಾಲ ತೀರಿಸುವ ಅವಸರಕ್ಕೆ ಅಡತಿ ಅಂಗಡಿಗೆ ಹಾಕಿದ ಜೋಳವನ್ನೇ ರೈತ ಶ್ರಾವಣದಲ್ಲಿ ಹೆಚ್ಚು ಬೆಲೆ ಕೊಟ್ಟು ಕಿರಾಣಿ ಅಂಗಡಿಯಿಂದ ತರುವ ವಿಚಿತ್ರವನ್ನು ನಾನು ನಮ್ಮ ಊರಲ್ಲೇ, ನಮ್ಮ ಮನೆತನದಲ್ಲೇ ಕಂಡಿದ್ದೇನೆ.

ಜೇವರ್ಗಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯ ಮುಂದೆ ಒಂದು ಹಗೇವು ಇತ್ತು. ಈಗಿನ ಮಕ್ಕಳಿಗೆ ಹಗೇವು ಎಂದರೆ ವಿವರಿಸಬೇಕಾಗುತ್ತದೆ. ಗಟ್ಟಿ ಮೊರಂ ನೆಲ ನೋಡಿ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಇಕ್ಕಟ್ಟಾಗಿ, ಹೊಟ್ಟೆ ಗಡಿಗೆಯಂತೆ ಅಗಲವಾಗಿ ತೋಡಿದ ನೆಲದೊಳಗಿನ ಕಣಜ ಅದು. ತಳಕ್ಕೂ ಗೋಡೆಗೂ ಒಣಗಿದ ಕಣಕಿ, ಹೊಟ್ಟು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ಹಾಕಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ತಾನೇ ಉಸಿರಾಡಿ ಆಮ್ಲಜನಕವನ್ನು ತೀರಿಸುವುದರಿಂದ ಹುಳ ಬದುಕುತ್ತಿರಲಿಲ್ಲ. ಹುಳವನ್ನು ಕೊಲ್ಲುವ ಆ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ ಎಂಬುದು ಹಿರಿಯರಿಗೆ ಗೊತ್ತಿತ್ತು. ಬಾಯಿ ತೆಗೆದ ದಿನ ಯಾರನ್ನೂ ಇಳಿಸುತ್ತಿರಲಿಲ್ಲ. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದೆ ಉಳಿದರಷ್ಟೇ ಆಳು ಇಳಿಯುತ್ತಿದ್ದ. 1972ರ ಬರದಲ್ಲಿ ಎರಡು ವರ್ಷ ಹಳೆಯ ಜೋಳ ಆ ಹಗೇವಿನಿಂದ ಹೊರಬಂತೆಂದು, ಅದರ ರೊಟ್ಟಿ ಸ್ವಲ್ಪ ಮುಗ್ಗಲು ವಾಸನೆ ಹೊಡೆದರೂ ಓಣಿಯೆಲ್ಲ ಉಂಡಿತೆಂದು ಆಯಿ ಹೇಳುತ್ತಿದ್ದಳು. ಈಗ ಅದರ ಮೇಲೆ ಸಿಮೆಂಟು ಹಾಕಿ ನನ್ನ ತಮ್ಮ ಬೈಕು ನಿಲ್ಲಿಸುತ್ತಾನೆ.

ಇಷ್ಟೆಲ್ಲ ಕೇಳಿ ಬೆಳೆದ ನಾನು 2020ರ ಮಾರ್ಚಿನಲ್ಲಿ ಮಾಡಿದ್ದೇನು ಎಂಬುದನ್ನೂ ಹೇಳಬೇಕು. ದೇಶದಲ್ಲಿ ಕೊರೊನಾದಿಂದಾದ ಮೊದಲ ಸಾವು ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಅದು ಮಾರ್ಚ್ 10. ದೇಶದ ಲಾಕ್‌ಡೌನ್ ಶುರುವಾಗುವುದಕ್ಕೆ ಇನ್ನೂ ಎರಡು ವಾರವಿತ್ತು, ಆದರೆ ನಮ್ಮ ಊರಿಗೆ ಭಯ ಆಗಲೇ ಬಂದಿತ್ತು. ಎಲ್ಲರಂತೆ ನಾನೂ ಓಡಿದೆ. ಗಿರಣಿ ಮುಚ್ಚಿದರೆ ಏನು ಗತಿ ಎಂದು 40 ಕಿಲೊ ಜೋಳ ಒಮ್ಮೆಗೇ ಬೀಸಿಸಿದೆ, ರವೆ, ಮೈದಾ, ಬಿಸ್ಕತ್ತು ಸಿಕ್ಕಷ್ಟು ಹೊತ್ತು ತಂದೆ. ಬೆಲೆ ಕೇಳಲಿಲ್ಲ. ನನ್ನ ಹಿಂದೆ ಸಾಲಿನಲ್ಲಿ ನಿಂತ ಹೆಂಗಸಿಗೆ ರವೆ ಸಿಗದೆ ಬರಿಗೈಲಿ ಹೋದದ್ದನ್ನು ನೋಡಿಯೂ ನೋಡದಂತೆ ಬಂದೆ. ಮೂರು ವಾರ ಕಳೆಯುವಷ್ಟರಲ್ಲಿ ಹಿಟ್ಟಿನ ಜಿಗುಟು ಹೋಯಿತು. ಎಷ್ಟು ಬಿಸಿನೀರು ಹಾಕಿ ನಾದಿದರೂ ತಟ್ಟುವಾಗಲೇ ಅಂಚು ಬಿರಿದು ರೊಟ್ಟಿ ಒಡೆಯುತ್ತಿತ್ತು, ಬಾಯಿಗೆ ಕಹಿ. ರವೆಯಲ್ಲಿ ಹುಳ. ಕೊನೆಗೆ ಅರ್ಧದಷ್ಟು ಹಿಟ್ಟು ಎಮ್ಮೆಯ ಬಾನಿಗೆ ಹೋಯಿತು. "ಹಿಟ್ಟ ಕೂಡಿಡಬ್ಯಾಡ, ಕಾಳ ಕೂಡಿಡು" ಎಂದು ನೂರು ಸಲ ಕೇಳಿದ ಮಾತು ಭಯದಲ್ಲಿ ನೆನಪಿಗೆ ಬರಲಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸುಗ್ಗಿಯಲ್ಲಿ ಕೂಡಿಡುವುದು ಬೇರೆ, ಭಯದಲ್ಲಿ ಕೂಡಿಡುವುದು ಬೇರೆ. ಮಾಲು ಗಂಜಿಗೆ, ಅಂದರೆ ಕಾಳಿನ ಸಗಟು ಪೇಟೆಗೆ, ಹರಿದು ಬಂದು ಬೆಲೆ ಕುಸಿದಿರುವಾಗ ಒಂದು ಮನೆ ಎರಡು ಚೀಲ ಕೊಂಡರೆ ಬೆಳೆದವನಿಗೆ ಅನುಕೂಲವೇ ಹೊರತು ಯಾರಿಗೂ ಕೊರತೆಯಿಲ್ಲ. ಅಂಗಡಿಯಲ್ಲಿ ಇರುವುದೇ ಹತ್ತು ಚೀಲವಾದಾಗ ಅದೇ ಮನೆ ಎರಡು ಚೀಲ ಎತ್ತಿದರೆ ಅದು ನೆರೆಯವರ ತಾಟಿನಿಂದ ತೆಗೆದದ್ದು. ಸರ್ಕಾರವೂ ಕಾಳಿನ ವಿಷಯದಲ್ಲಿ ಕಾಲ ನೋಡಿಯೇ ಕಡಿವಾಣ ಹಾಕುತ್ತದೆ. 2024ರ ಜೂನಿನಲ್ಲಿ ತೊಗರಿ, ಕಡಲೆಗೆ ದಾಸ್ತಾನು ಮಿತಿ ಹೇರಿದಾಗ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದು ಗೊತ್ತುಮಾಡಿತ್ತು. ಮನೆಯವರ ಒಂದೆರಡು ಚೀಲ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ, ಆದರೆ ಒಂದು ಊರಿನ ಮನೆಗಳೆಲ್ಲ ಒಂದೇ ದಿನ ಅಂಗಡಿಗೆ ನುಗ್ಗಿದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮ್ಮ ಮನೆಯಲ್ಲಿ ಐದು ಜನ. ದಿನಕ್ಕೆ ಒಂದೂವರೆ ಕಿಲೊ ಜೋಳ, ಕಾಲು ಕಿಲೊ ಬೇಳೆ ಬೇಕಾಗುತ್ತದೆ. ವರ್ಷಕ್ಕೆ ಐದೂವರೆ ಕ್ವಿಂಟಲ್ ಜೋಳ ಇಡಲು ಈ ನಗರದ ಮನೆಯಲ್ಲಿ ಜಾಗವಿಲ್ಲವಾದ್ದರಿಂದ ಜುಲೈಯಿಂದ ಅಕ್ಟೋಬರ್ ತನಕದ ನಾಲ್ಕು ತಿಂಗಳಿಗೆ ಸಾಲುವ ಎರಡು ಚೀಲ ಬಿಳಿಜೋಳ, 30 ಕಿಲೊ ತೊಗರಿ ಬೇಳೆ ಮಾತ್ರ ತುಂಬುತ್ತೇವೆ. ಜೋಳವನ್ನು ಮಾರ್ಚ್ ಕೊನೆಯಲ್ಲಿ ತಂದು, ಮಾಳಿಗೆಯ ಮೇಲೆ ಮೂರು ದಿನ ಬಿಸಿಲಿಗೆ ಹರಡಿ, ಕಾಳನ್ನು ಹಲ್ಲಿನಲ್ಲಿ ಕಡಿದಾಗ ಕಟಕ್ಕೆಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ತೇವ ಇನ್ನೂ ಇದೆಯೆಂದೇ ಅರ್ಥ. ಒಣಗಿದ ಕಾಳನ್ನು ಬಿಸಿಯಾಗಿರುವಾಗಲೇ ಡ್ರಮ್ಮಿಗೆ ಸುರಿಯುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ಒಳಗೆ ಬೆವರಿ, ಮುಚ್ಚಳದ ಕೆಳಗಿನ ಪದರವೇ ಮೊದಲು ಬೂಸ್ಟು ಹಿಡಿಯುತ್ತದೆ. ಒಂದು ರಾತ್ರಿ ನೆರಳಲ್ಲಿ ಆರಿಸಿ, ಒಣಗಿದ ಬೇವಿನ ಎಲೆ ಬೆರೆಸಿ, ಕಂಠದ ತನಕ ತುಂಬಿ ಮುಚ್ಚಬೇಕು. ಡ್ರಮ್ಮು ಅರ್ಧ ಖಾಲಿ ಇದ್ದಷ್ಟೂ ಹುಳಕ್ಕೆ ಗಾಳಿ ಹೆಚ್ಚು.

ತೊಗರಿಯದು ಬೇರೆಯೇ ಕಥೆ. ಕಾಳನ್ನು ಕೊರೆಯುವ ದುಂಬಿ ಅಂಗಡಿಯಲ್ಲಿ ಬಂದು ಸೇರಿಕೊಳ್ಳುವುದೆಂದು ನಾವು ಅಂದುಕೊಂಡಿರುತ್ತೇವೆ. ಅದು ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ, ಮರಿ ಕಾಳಿನೊಳಗೆ ಕುಳಿತು ನಮ್ಮ ಜೊತೆ ಮನೆಗೆ ಬರುತ್ತದೆ, ಬೇಸಿಗೆ ಕಳೆಯುವಷ್ಟರಲ್ಲಿ ಕಾಳಿನ ತುಂಬ ದುಂಡು ತೂತು. ಅದಕ್ಕೆ ಇಡೀ ಕಾಳಿಗಿಂತ ಒಡೆದ ಬೇಳೆ ಸುರಕ್ಷಿತ. ಆಯಿ ತೊಗರಿಗೆ ಕೆಮ್ಮಣ್ಣಿನ ರಾಡಿ ಹಚ್ಚಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದಳು. ಈಗ ನಾವು ದಾಲ್ ಮಿಲ್ಲಿನ ಬೇಳೆಯನ್ನೇ ತಂದು, ಕಿಲೊಗೆ ಒಂದು ಚಮಚೆಯಂತೆ ಔಡಲ ಎಣ್ಣೆ ಸವರಿ ಇಡುತ್ತೇವೆ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಹೋಗುತ್ತದೆ. 2019ರಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದ್ದಕ್ಕೆ ಹೆಮ್ಮೆ ಪಡುವ ನಾವು ಅದನ್ನು ಕಾಯುವ ಈ ಸಣ್ಣ ವಿದ್ಯೆಯನ್ನು ಮಕ್ಕಳಿಗೆ ಕಲಿಸುತ್ತಿಲ್ಲ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಗೋದಾಮಿಗೆ ಹಾಕುವ ವಿಷದ ಗುಳಿಗೆಗಳನ್ನು, ಅಂದರೆ ಅಲ್ಯುಮಿನಿಯಂ ಫಾಸ್ಫೈಡನ್ನು, ಮನೆಯ ಡ್ರಮ್ಮಿಗೆ ಹಾಕಬೇಡಿ. ಅದು ತೇವ ತಾಗಿದರೆ ಬಿಡುವ ಗಾಳಿ ಮಲಗಿದ ಕೋಣೆಯನ್ನು ಹೊಕ್ಕರೆ ಇಡೀ ಮನೆ ಬೆಳಗ್ಗೆ ಏಳುವುದಿಲ್ಲ, ಮತ್ತು ಅದಕ್ಕೆ ಮದ್ದಿಲ್ಲ.

ಉಳಿದವಕ್ಕೆ ಹೆಚ್ಚು ಮಾತು ಬೇಡ. ಶೇಂಗಾ ಸಿಪ್ಪೆಯೊಳಗೇ ಇರಲಿ. ಬೂಸ್ಟು ಕಂಡರೆ ಒಣಗಿಸಿ ತಿನ್ನದೆ ಎಸೆಯಬೇಕು. ಕುಸುಬೆ ಎಣ್ಣೆ ಎರಡು ತಿಂಗಳಿಗಿಂತ ಹೆಚ್ಚು ಬೇಡ. ಹುಣಸೆಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ವರ್ಷ ತಡೆಯುತ್ತದೆ. ಏಪ್ರಿಲಿನ ಬಿಸಿಲಿಗೆ ಶಾವಿಗೆ, ಸಂಡಿಗೆ, ಹಪ್ಪಳ, ಖಾರದಪುಡಿ ನಮ್ಮ ಹೆಂಗಸರ ಕೈಯಲ್ಲಿ ಹೇಗೂ ಆಗುತ್ತವೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ನಮ್ಮ ಕಡೆಯ ಚಟ್ನಿಪುಡಿ) ಇದ್ದ ಮನೆ ಗ್ಯಾಸು ಮುಗಿದ ದಿನವೂ ಉಪವಾಸ ಬೀಳುವುದಿಲ್ಲ. ಒಲೆ ಹಚ್ಚದೆ ಉಣ್ಣುವ ಊಟಕ್ಕೆ ಯಾವ ದೇಶದ ಡಬ್ಬಿಯೂ ನಮಗೆ ಬೇಕಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ನೀರು ತುಂಬಿಡುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಆದರೆ ಡೆಂಗಿಯ ಸೊಳ್ಳೆ ಹುಟ್ಟುವುದು ಅದೇ ಮುಚ್ಚದ ಬ್ಯಾರೆಲ್ಲಿನಲ್ಲಿ. ಮನೆಯವರ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳು ಸದಾ ಒಂದು ತಿಂಗಳಿನಷ್ಟು ಮುಂದಿರಬೇಕು. 2020ರಲ್ಲಿ ನಮ್ಮನ್ನು ನಿಜವಾಗಿ ಕಾಡಿದ್ದು ಅನ್ನವಲ್ಲ, ಆ ಗುಳಿಗೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಳು. ಅಫಜಲಪುರ ತಾಲ್ಲೂಕಿನ ನಮ್ಮ ಅತ್ತೆಯ ಮನೆಯಲ್ಲಿ ಜೋಳದ ಡ್ರಮ್ಮುಗಳು ನೆಲದ ಮೇಲಿದ್ದವು. ನೀರು ಇಳಿದ ಮೇಲೆ ನೋಡಿದರೆ ಒಳಗಿನ ಕಾಳು ಮೊಳಕೆಯೊಡೆದು ನಾರುತ್ತಿತ್ತು. ಅಟ್ಟದ ಮೇಲಿದ್ದ ಅರ್ಧ ಚೀಲ ಬೇಳೆಯೊಂದೇ ಉಳಿದದ್ದು. ಬರಕ್ಕೆಂದು ಮಾಡಿದ ಸಂಗ್ರಹ ನೆರೆಗೆ ಹೋಯಿತು. ನದಿಯ ದಂಡೆಯವರು ಮಳೆಗಾಲದ ಮೂರು ತಿಂಗಳಾದರೂ ಕಾಳನ್ನು ಮೇಲೆತ್ತಿ ಇಡಬೇಕು, ಎಲ್ಲವನ್ನೂ ಒಂದೇ ಕಡೆ ಇಡಬಾರದು.

ಇದನ್ನೆಲ್ಲ ಹೇಳುವಾಗ ನಮ್ಮ ಕಾಕಾ ಒಂದು ಸಲ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಿದರು. ಗಂಡ ಮಾರಯ್ಯ ಕಲ್ಯಾಣದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳು ಅವಳು. "ಶರಣರ ನಾಡಿನಾಗ ಹುಟ್ಟಿ ಚೀಲ ಎಣಿಸ್ತೀಯಲ್ಲ" ಎಂದರು ಕಾಕಾ. ನಾನು ಬಹಳ ದಿನ ಇದನ್ನು ಯೋಚಿಸಿದ್ದೇನೆ. ನನಗೆ ತಿಳಿದ ಮಟ್ಟಿಗೆ ಲಕ್ಕಮ್ಮ ಒಪ್ಪದೆ ಹೋದದ್ದು ತನ್ನ ಪಾಲಿಗಿಂತ ಹೆಚ್ಚು ಎತ್ತಿದ್ದನ್ನು. 2020ರಲ್ಲಿ ಸಾಲಿನಲ್ಲಿ ನಿಂತ ಆ ಹೆಂಗಸಿನ ಮುಂದೆ ನಾನು ಎತ್ತಿದ ರವೆಯಂಥದನ್ನು. ಆದರೂ ಕಾಕಾರ ಮಾತಿನಲ್ಲಿ ನಾನು ಉತ್ತರಿಸಲಾಗದ್ದು ಒಂದಿದೆ. ದಿನದ ಕೂಲಿಯಲ್ಲಿ ದಿನದ ಹಿಟ್ಟು ತರುವವರು ಮಾರ್ಚಿನಲ್ಲಿ ಎರಡು ಚೀಲಕ್ಕೆ ಹಣ ಎಲ್ಲಿಂದ ತಂದಾರು? ಅನ್ನಭಾಗ್ಯದ ಅಕ್ಕಿ ಅವರನ್ನು ಕಾಯುತ್ತಿದೆ ನಿಜ. ಅದರ ಜೊತೆಗೇ ಜೋಳ ಅವರ ಒಲೆಯಿಂದ ಸರಿಯುತ್ತಿರುವುದೂ ನಿಜ.

ಇದಕ್ಕೆ ದಾರಿ ನಮ್ಮ ಬೀದರಿನ ಗಡಿಯಾಚೆಯೇ ಇದೆ. ಜಹೀರಾಬಾದಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು 1990ರ ದಶಕದಲ್ಲಿ ಬೀಳು ಬಿದ್ದ ಹೊಲಗಳಿಗೆ ಸಾಲ ಕೊಟ್ಟು ಜೋಳ ಬೆಳೆಸಿ, ಸಾಲವನ್ನು ಕಾಳಿನ ರೂಪದಲ್ಲೇ ಮರಳಿ ಪಡೆದು, ಊರಿನಲ್ಲೇ ಕೂಡಿಟ್ಟು, ಯಾರು ಹೆಚ್ಚು ಬಡವರೆಂದು ತಾವೇ ಕುಳಿತು ಗುರುತಿಸಿ, ಕೊರತೆಯ ತಿಂಗಳುಗಳಲ್ಲಿ ಅವರಿಗೆ ಅಗ್ಗದ ಬೆಲೆಗೆ ಅಳೆದು ಕೊಟ್ಟರು. ಅದನ್ನು ಓದಿದ ಮೇಲೆ ನಮ್ಮ ಓಣಿಯ ಗುಂಪಿನ ಹೆಂಗಸರು ಅಷ್ಟು ದೊಡ್ಡದನ್ನಲ್ಲದಿದ್ದರೂ ಒಂದು ಸಣ್ಣ ಕೆಲಸ ಶುರುಮಾಡಿದ್ದೇವೆ. ವಾರಕ್ಕೆ 50 ರೂಪಾಯಿಯಂತೆ ಕೂಡಿಸಿ, ಸುಗ್ಗಿಯಲ್ಲಿ ತೊಗರಿ, ಜೋಳ ಒಟ್ಟಿಗೆ ಕೊಂಡು, ಒಬ್ಬರ ಮನೆಯ ಮಾಳಿಗೆಯಲ್ಲಿಟ್ಟು, ಜುಲೈಯಿಂದ ಕೊಂಡ ಬೆಲೆಗೇ ಹಂಚಿಕೊಳ್ಳುತ್ತೇವೆ. ಮೊದಲ ವರ್ಷ ತೂಕದ ವಿಷಯಕ್ಕೆ ಜಗಳವಾಯಿತು, ಇಬ್ಬರು ಬಿಟ್ಟು ಹೋದರು, ಈಗ ಒಬ್ಬರು ಮರಳಿ ಬಂದಿದ್ದಾರೆ.

ಈ ವಾರ ಗಂಜಿಗೆ ಹೊಸ ತೊಗರಿ ಬರಲು ಶುರುವಾಗಿದೆ. ನಿನ್ನೆ ಹೋಗಿ ಒಂದು ಹಿಡಿ ತೆಗೆದು ಕಡಿದು ನೋಡಿದೆವು. ಇನ್ನೂ ಹಸಿ ಇದೆ, ಹಲ್ಲಿಗೆ ಮೆತ್ತಗೆ ಹತ್ತಿತು. ಎಳ್ಳ ಅಮಾವಾಸ್ಯೆ ಕಳೆದು ಹದಿನೈದು ದಿನ ಬಿಟ್ಟು ಮತ್ತೆ ಹೋಗುತ್ತೇವೆ.