ಪುಕ್ಕಟೆ ಬಿಯರಿನ ಬಿಲ್ಲು

ಹೋಟೆಲಿನವರು ಬಿಲ್ಲನ್ನು ರಾತ್ರೋರಾತ್ರಿ ಬಾಗಿಲ ಸಂದಿಯಿಂದ ಒಳಗೆ ತೂರಿಸಿ ಹೋಗುವುದು ಯಾಕೆ ಅಂತ ನನಗೆ ಬಾಸ್ಟನ್ನಿನಲ್ಲಿ ಅರ್ಥವಾಯಿತು. ಕೈಗೆ ಕೊಟ್ಟರೆ ಗಿರಾಕಿಯ ಮುಖ ನೋಡಬೇಕಾಗುತ್ತದಲ್ಲ!

ಬೆಳಗಿನ ಜಾವ ನಾಲ್ಕು ಗಂಟೆ. ಬೆಂಗಳೂರಿನಲ್ಲಿ ಆಗ ಮಧ್ಯಾಹ್ನ ಎರಡೂವರೆ. ಕಣ್ಣಿಗೆ ನಿದ್ದೆಯಿಲ್ಲ, ಹೊಟ್ಟೆ ಮಾತ್ರ ಹುಳಿ-ಅನ್ನ ಕೇಳುತ್ತಿದೆ. ನೀರು ಕುಡಿಯೋಣ ಅಂತ ಎದ್ದರೆ ಕಾರ್ಪೆಟ್ಟಿನ ಮೇಲೆ ಬಿಳಿ ಹಾಳೆ. ರೂಮಿನ ಬಾಡಿಗೆ ಕಂಪನಿಯದ್ದು, ಲಾಂಡ್ರಿಗೆ ನಾನು ಹಾಕಿಲ್ಲ, ಬನಿಯನ್ನು ಬಾತ್‌ರೂಮಿನಲ್ಲೇ ಒಗೆದು ಲ್ಯಾಂಪಿನ ಮೇಲೆ ಒಣಗಿಸಿಕೊಂಡವನು. ಹಾಗಾಗಿ ನನ್ನ ಲೆಕ್ಕದಲ್ಲಿ ಸೊನ್ನೆ ಇರಬೇಕು. ಆದರೆ ಅಲ್ಲಿ ಒಂದರ ಕೆಳಗೊಂದು ಎಂಟು ಸಾಲು, ಎಲ್ಲದರಲ್ಲೂ ‘ಎಲ್‌ಎನ್‌ಜಿ ಬೆವ್’ ಅಂತ. ನನಗೆ ಗೊತ್ತಿದ್ದ ಎಲ್‌ಎನ್‌ಜಿ ಒಂದೇ, ಗ್ಯಾಸು. ಇದ್ಯಾವ ಗ್ಯಾಸು ನಾನು ತುಂಬಿಸಿಕೊಂಡಿದ್ದು ಅಂತ ಹಾಸಿಗೆ ಮೇಲೆ ಕೂತು ಯೋಚಿಸಿದೆ. ಕೊನೆಗೆ ಹೊಳೆಯಿತು. ಎಲ್‌ಎನ್‌ಜಿ ಅಂದರೆ ಲೌಂಜ್. ಬೆವ್ ಅಂದರೆ ಬೆವರೇಜ್. ಅದನ್ನು ಓದಿದ ಮೇಲೆ ನನಗೆ ಬಂದದ್ದು ಮಾತ್ರ ಬೆವರು.

ಒಟ್ಟು 100 ಡಾಲರ್ 58 ಸೆಂಟ್.

ಇದರಲ್ಲಿ ನನ್ನ ತಪ್ಪು ಇಲ್ಲ ಅಂತ ಹೇಳುವುದಿಲ್ಲ. ಆದರೆ ನನ್ನನ್ನು ಕೆಡಿಸಿದ್ದು ನಮ್ಮ ಊರೇ. ಹತ್ತು ವರ್ಷ ಕಂಪನಿ ದುಡ್ಡಿನಲ್ಲಿ ಒಂದೇ ಬಳಗದ ಹೋಟೆಲುಗಳಲ್ಲಿ ಮಲಗಿ ಎದ್ದ ಪುಣ್ಯಕ್ಕೆ ನನ್ನ ಮೆಂಬರ್‌ಶಿಪ್ ಕಾರ್ಡಿನ ಬಣ್ಣ ಬದಲಾಯಿತು. ಬಣ್ಣ ಬದಲಾದವರಿಗೆ ಮೇಲಿನ ಮಹಡಿಯ ಎಕ್ಸಿಕ್ಯೂಟಿವ್ ಲೌಂಜಿಗೆ ಪ್ರವೇಶ. ನಮ್ಮ ಕಡೆ ಅಲ್ಲಿ ಸಂಜೆ ಆರರಿಂದ ಎಂಟರವರೆಗೆ ಬಿಯರು, ವೈನು, ವಿಸ್ಕಿ ಎಲ್ಲಾ ಫ್ರೀ. ಕಾರ್ಡಿಲ್ಲದವರು ಜಾಸ್ತಿ ಬಾಡಿಗೆ ಕೊಟ್ಟು ಕ್ಲಬ್ ರೂಮ್ ತಗೋಬೇಕು. ನಾನೂ ಕಾರ್ಡು ಬರುವ ಮೊದಲು ಒಂದು ಸಲ ಹಾಗೆ ತಗೊಂಡಿದ್ದೆ. ಮದುವೆ ವಾರ್ಷಿಕೋತ್ಸವಕ್ಕೆ, ಬೆಂಗಳೂರಿನಲ್ಲೇ, 4,500 ರೂಪಾಯಿ ಹೆಚ್ಚಿಗೆ ಕೊಟ್ಟು.

ಅವತ್ತು ನನ್ನ ಹೆಂಡತಿ ಕುಡಿದದ್ದು ಒಂದು ಫ್ರೆಶ್ ಲೈಮ್ ಸೋಡಾ. ಹಾಗಾದರೆ 4,500 ವಸೂಲಿ ಮಾಡುವ ಭಾರ ಯಾರ ಮೇಲೆ ಬಿತ್ತು? ನಾನು ಗಡಿಯಾರ ನೋಡಿಕೊಂಡು ಕುಡಿದೆ. ಕೆಳಗಿನ ಬಾರಿನಲ್ಲಿ ಒಂದು ಪೆಗ್ಗಿಗೆ ಎಷ್ಟು ಅಂತ ಮೊದಲೇ ಹೋಗಿ ಮೆನು ನೋಡಿಕೊಂಡು ಬಂದಿದ್ದೆ. ಏಳೂವರೆ ಹೊತ್ತಿಗೆ 2,800 ವಸೂಲಾಗಿತ್ತು. ಎಂಟಕ್ಕೆ ಪೂರ್ತಿ ವಸೂಲು. ಎಂಟೂವರೆಗೆ ಬುಕ್ ಮಾಡಿದ್ದ ಕ್ಯಾಂಡಲ್ ಲೈಟ್ ಡಿನ್ನರಿಗೆ ಹೆಂಡತಿ ಒಬ್ಬಳೇ ಹೋದಳು. ನಾನು ರೂಮಿನಲ್ಲಿ ಜೆಲುಸಿಲ್ ಹುಡುಕುತ್ತಿದ್ದೆ.

ಇನ್ನೊಂದು ಸಲ ಮುಂಬೈನಲ್ಲಿ. ಕೋಟು ಹಾಕಿಕೊಂಡು, ಆರು ಗಂಟೆಗೆ ಐದು ನಿಮಿಷ ಇರುವಾಗಲೇ ಲೌಂಜಿನ ಬಾಗಿಲಲ್ಲಿ ನಿಂತೆ. ಬಾಟಲಿಗಳ ಕಪಾಟಿಗೆ ಬೀಗ, ಮೇಲೆ ಬಿಳಿ ಬಟ್ಟೆ ಮುಚ್ಚಿದ್ದಾರೆ. ಹುಡುಗ ನಗುತ್ತಾ ಕೋಕಮ್ ಶರಬತ್ತು ತಂದುಕೊಟ್ಟ. ಅಕ್ಟೋಬರ್ 2. ನಾನು ಗಾಂಧೀಜಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಶರಬತ್ತು ಕುಡಿದೆ. ಎರಡು ಲೋಟ. ಫ್ರೀ ಅಲ್ವಾ.

ಇಂಥವನು ನವೆಂಬರಿನಲ್ಲಿ ಬಾಸ್ಟನ್ನಿಗೆ ಹೋದೆ. ಅಲ್ಲಿ ನವೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೇ ಕತ್ತಲು. ಕತ್ತಲಾದ ಮೇಲೆ ನಮ್ಮಂಥವರಿಗೆ ಎರಡೇ ದಾರಿ, ದೇವರ ದೀಪ ಹಚ್ಚುವುದು ಇಲ್ಲಾ ಲೌಂಜಿಗೆ ಹೋಗುವುದು. ಆಫೀಸು ಕೆಲಸ ಜಾಸ್ತಿಯಿದ್ದು ಮೊದಲ ನಾಲ್ಕು ದಿನ ಆಗಲಿಲ್ಲ. ಕೊನೆಯ ಸಂಜೆ ಬಿಡುವಾಯಿತು. ಹನ್ನೆರಡು ವರ್ಷದಿಂದ ಅಲ್ಲೇ ಇರುವ ಶಿವಮೊಗ್ಗ ಕಡೆಯ ಗೆಳೆಯನಿಗೆ ಫೋನ್ ಮಾಡಿದೆ.

“ನಿನ್ನ ಹೆಂಡತೀನೂ ಕರ್ಕೊಂಡು ಬಾರೋ. ಮೇಲೆ ಲೌಂಜಿದೆ. ನಾನಿದ್ದೀನಿ, ನೀನೇನೂ ಯೋಚನೆ ಮಾಡಬೇಡ.”

ಈ ‘ನಾನಿದ್ದೀನಿ’ ಅನ್ನುವ ಮಾತನ್ನು ನಾನು ಯಾಕೆ ಸೇರಿಸಿದೆನೋ. ‘ಫ್ರೀ’ ಅಂದಿದ್ದರೆ ಅವನು ಅಲ್ಲೇ ತಿದ್ದುತ್ತಿದ್ದ. ಆದರೆ ಫ್ರೀ ಅಂದರೆ ನನ್ನ ದೊಡ್ಡಸ್ತಿಕೆ ಎಲ್ಲಿ ಉಳಿಯುತ್ತೆ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಎಲ್ಲಮ್ಮನ ಜಾತ್ರೆ ಮಾಡುವವನು ದುಡ್ಡು ಯಾರದ್ದು ಅಂತ ಮೈಕಿನಲ್ಲಿ ಹೇಳುವುದಿಲ್ಲ.

ಲೌಂಜು ಚೆನ್ನಾಗಿತ್ತು. ಕಿಟಕಿಯಾಚೆ ಚಾರ್ಲ್ಸ್ ನದಿ, ಆಚೆ ದಡದಲ್ಲಿ ದೀಪಗಳು. ಒಂದು ಮೂಲೆಯಲ್ಲಿ ಚೀಸ್ ತುಂಡುಗಳು, ಹಸಿ ಕ್ಯಾರೆಟ್ಟು, ಸೆಲರಿ ದಂಟು. ಬೆಂಗಳೂರಿನ ಯಾವ ಸಣ್ಣ ಬಾರಿನಲ್ಲೂ ಕೂತ ತಕ್ಷಣ ಒಂದು ಬಟ್ಟಲು ಬೇಯಿಸಿದ ಹೆಸರುಕಾಳೋ, ಈರುಳ್ಳಿ ಹಾಕಿದ ಕಡಲೆಕಾಯೋ ತಂದಿಡುತ್ತಾರೆ. ಇಷ್ಟು ದೊಡ್ಡ ಹೋಟೆಲಿನಲ್ಲಿ ದಂಟು ಕಡಿಯಬೇಕು. ಜೇಬಿನಲ್ಲಿ ಬೆಂಗಳೂರಿನ ಕಾಂಗ್ರೆಸ್ ಕಡಲೆಕಾಯಿ ಪೊಟ್ಟಣ ಇತ್ತು. ಮೇಜಿನ ಮೇಲೆ ಸುರಿದೆ. ಗೆಳೆಯನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಬಾರಿನ ಹಿಂದೆ ಒಬ್ಬ ವಯಸ್ಸಾದ ಹೆಂಗಸು. ಕನ್ನಡಕವನ್ನು ಸರಕ್ಕೆ ಕಟ್ಟಿ ಕುತ್ತಿಗೆಗೆ ತೂಗುಹಾಕಿದ್ದರು, ನಮ್ಮ ಪ್ರೈಮರಿ ಶಾಲೆಯ ಹೆಡ್ ಮೇಡಂ ಹಾಗೆ. ನಾನು ಬಿಯರ್ ಕೇಳಿದ ಕೂಡಲೇ ಕನ್ನಡಕ ಏರಿಸಿ ನನ್ನನ್ನು ನೋಡಿ ಐಡಿ ಕೇಳಿದರು.

ನನಗೆ ನಲವತ್ತೇಳು. ಮುಂದೆ ಬೋಳು, ಹಿಂದೆ ನರೆ. ಅಲ್ಲಿ ಕುಡಿಯೋಕೆ ಇಪ್ಪತ್ತೊಂದು ತುಂಬಿರಬೇಕು ಅಂತ ನಿಯಮ. ನನ್ನನ್ನು ನೋಡಿ ಅವರಿಗೆ ಆ ಅನುಮಾನ ಬಂತಲ್ಲ ಅನ್ನುವ ಖುಷಿಗೆ ನಾನು ಹೆಚ್ಚುಕಮ್ಮಿ ಓಡಿಕೊಂಡೇ ರೂಮಿಗೆ ಹೋದೆ. ಪಾಸ್‌ಪೋರ್ಟ್ ತರುವ ದಾರಿಯಲ್ಲಿ ಲಿಫ್ಟಿನ ಕನ್ನಡಿಯಲ್ಲಿ ಎರಡು ಸಲ ಮುಖ ನೋಡಿಕೊಂಡೆ. ಅವರು ಎಲ್ಲರನ್ನೂ ಕೇಳುತ್ತಾರೆ, ನನ್ನ ಹಿಂದೆ ಬಂದ ಊರುಗೋಲಿನ ತಾತನನ್ನೂ ಕೇಳಿದರು ಅನ್ನುವುದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ನಾನು ಹೆಂಡತಿಗೆ ವಾಟ್ಸಾಪ್ ಮಾಡಿ ಆಗಿತ್ತು.

ಪಾಸ್‌ಪೋರ್ಟ್ ನೋಡಿ, ಬಾಟಲಿ ತೆಗೆದು, “ಪುಟ್ ಇಟ್ ಆನ್ ದ ರೂಮ್?” ಅಂದರು.

ಇದನ್ನು ನಾನು ಹೇಗೆ ಅರ್ಥ ಮಾಡಿಕೊಂಡೆ ಗೊತ್ತಾ? ಹಾಜರಿ! ಯಾವ ರೂಮಿನವರು ಎಷ್ಟು ಕುಡಿದರು ಅಂತ ಸುಮ್ನೆ ಬರೆದಿಡುತ್ತಾರೇನೋ ಅಂದುಕೊಂಡೆ. ಬೆಂಗಳೂರಿನಲ್ಲೂ ಬಾಗಿಲಲ್ಲಿ ರೂಮ್ ನಂಬರ್ ಕೇಳುತ್ತಾರಲ್ಲ. “ಶೂರ್, ಶೂರ್” ಅಂತ ರಾಜನ ಹಾಗೆ ಕೈ ಬೀಸಿದೆ. ಸಹಿ ಹಾಕಿ ಅಂದರು, ಹಾಕಿದೆ. ಎಂಟು ಸಲ ಹಾಕಿದೆ. ಎಂಟನೆಯದರ ಹೊತ್ತಿಗೆ ಸಹಿ ಪಾಸ್‌ಪೋರ್ಟಿನಲ್ಲಿದ್ದ ಹಾಗೆ ಇರಲಿಲ್ಲ.

ನಾವಿಬ್ಬರು ಸ್ಯಾಮ್ಯುಯೆಲ್ ಆಡಮ್ಸ್ ಬಿಯರ್ ಎರಡೆರಡು ಕುಡಿದೆವು. ಗೆಳೆಯನ ಹೆಂಡತಿ ವೈನು ಒಂದು ಗ್ಲಾಸು ತಗೊಂಡು, ಸಾಕು ಅಂದರು. “ಅಯ್ಯೋ, ಏನು ಸಾಕು? ಸಂಕೋಚ ಮಾಡ್ಕೋಬೇಡಿ” ಅಂತ ನಾನೇ ಎದ್ದು ಹೋಗಿ ಇನ್ನೊಂದು ತಂದೆ. ಆಮೇಲೆ ಮತ್ತೊಂದು. ಮದುವೆ ಮನೆಯಲ್ಲಿ ಎಲೆ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಹಾಕುವ ದೊಡ್ಡಪ್ಪನ ಹಾಗೆ ಬಡಿಸಿದೆ. ಆ ಮೂರನೇ ಗ್ಲಾಸನ್ನು ಅವರು ಮುಟ್ಟಲೂ ಇಲ್ಲ.

ಕೊನೆಗೆ ನನಗೊಂದು ಸಿಂಗಲ್ ಮಾಲ್ಟ್. ಅಲ್ಲಿನ ಅಳತೆ ಸಾಮಾನ್ಯವಾಗಿ ಒಂದೂವರೆ ಔನ್ಸು, ಅಂದರೆ ಸುಮಾರು 44 ಎಂ.ಎಲ್. ನಮ್ಮಲ್ಲಿ ಸ್ಮಾಲ್ ಅಂದರೆ 30, ಲಾರ್ಜ್ ಅಂದರೆ 60, ಕ್ವಾರ್ಟರ್ ಅಂದರೆ 180. ಯಾವ ಕುಡುಕನಿಗೂ ಲೆಕ್ಕ ತಪ್ಪುವುದಿಲ್ಲ. ಈ 44 ಎಲ್ಲಿಗೆ ಸೇರುತ್ತೆ? ಸ್ಮಾಲಿಗೆ ದೊಡ್ಡದು, ಲಾರ್ಜಿಗೆ ಚಿಕ್ಕದು. ಈ ವಿಷಯದ ಬಗ್ಗೆ ನಾನು ಗೆಳೆಯನಿಗೆ ಸುಮಾರು ಹತ್ತು ನಿಮಿಷ ಭಾಷಣ ಮಾಡಿದೆನಂತೆ. ಗ್ಲಾಸನ್ನು ಕಿಟಕಿ ಬೆಳಕಿಗೆ ಹಿಡಿದು, ಬೆರಳಲ್ಲಿ ಗೆರೆ ತೋರಿಸಿ.

ಹೊರಡುವಾಗ ಮೇಡಂಗೆ ಎರಡು ಡಾಲರ್ ಟಿಪ್ಸ್ ಇಟ್ಟೆ. ಬಿಟ್ಟಿ ಕುಡಿದು ಎರಡು ಡಾಲರ್ ಕೊಡುವವರು ಎಷ್ಟು ಜನ ಇದ್ದಾರೆ ಅಂತ ನನ್ನ ಬಗ್ಗೆ ನನಗೇ ಗೌರವ ಬಂತು. ಅವರು “ಥ್ಯಾಂಕ್ಯೂ, ಸರ್” ಅಂದ ಧ್ವನಿಯಲ್ಲಿ ಏನೋ ಇತ್ತು. ಆಗ ತಿಳಿಯಲಿಲ್ಲ.

ಮಾರನೆ ದಿನ ಬೆಳಿಗ್ಗೆ ಏಳಕ್ಕೇ ಗೆಳೆಯನಿಗೆ ಫೋನ್ ಮಾಡಿದೆ.

“ಅಲ್ಲೋ, ಅದು ಫ್ರೀ ಅಲ್ವೇನೋ?”

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ನಗು. ಆಮೇಲೆ ಹೆಂಡತಿಯನ್ನು ಎಬ್ಬಿಸಿ ಅವಳಿಗೂ ಹೇಳಿ, ಇಬ್ಬರ ನಗು. ಕೊನೆಗೆ ಹೇಳಿದ, “ಈ ರಾಜ್ಯದಲ್ಲಿ ಕುಡಿಯೋದನ್ನ ಫ್ರೀ ಕೊಡೋದೇ ಕಾನೂನಿಗೆ ವಿರುದ್ಧ ಮಾರಾಯ.”

ನಿಜವಂತೆ. ಮ್ಯಾಸಚೂಸೆಟ್ಸ್‌ನಲ್ಲಿ 1984ರ ಡಿಸೆಂಬರಿನಿಂದ ಹ್ಯಾಪಿ ಅವರ್ ಅನ್ನುವುದೇ ಇಲ್ಲ. ಬಾರಿನಲ್ಲಿ ಬಿಟ್ಟಿ ಬಿಯರ್ ಗೆದ್ದ ಗುಂಪಿನ ಒಬ್ಬ ಹುಡುಗಿ ಅದೇ ರಾತ್ರಿ ಕಾರಿನ ಅವಘಡದಲ್ಲಿ ತೀರಿಹೋದಳು, ಅದಾದ ಮೇಲೆ ತಂದ ನಿಯಮ. ಹೋಟೆಲು, ಬಾರು ಯಾರೂ ಫ್ರೀ ಕೊಡುವಂತಿಲ್ಲ. ಸಂಜೆ ಎರಡು ಗಂಟೆ ಮಾತ್ರ ಕಮ್ಮಿ ರೇಟು ಅನ್ನುವಂತಿಲ್ಲ, ಒಬ್ಬನಿಗೆ ಒಂದೇ ಸಲಕ್ಕೆ ಎರಡಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಕಾರಣ ಕೇಳಿದ ಮೇಲೆ ಕಾನೂನಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗೆಳೆಯನ ಮೇಲೆ ಬಂತು.

“ನಿನ್ನೆ ಯಾಕೆ ಹೇಳಲಿಲ್ಲ?”

“ನೀನು ‘ನಾನಿದ್ದೀನಿ’ ಅಂದ್ಯಲ್ಲ. ನೀನೇ ಕೊಡಿಸ್ತಿದ್ದೀಯ ಅಂದ್ಕೊಂಡ್ವಿ. ಇವಳಂತೂ, ನಿಮ್ಮ ಫ್ರೆಂಡು ಎಷ್ಟು ಧಾರಾಳ, ನೀವೂ ಇದ್ದೀರ ಅಂತ ದಾರಿಯುದ್ದಕ್ಕೂ ನನಗೆ ಬೈದಳು.”

ಈ ಮಾತು ಕೇಳಿದ ಮೇಲೆ ಅರ್ಧ ದುಡ್ಡು ಕೇಳುವ ದಾರಿಯೂ ಮುಚ್ಚಿತು.

ಆ ದಿನ ರಾತ್ರಿ ನನ್ನ ಫ್ಲೈಟು. ಬ್ಯಾಗನ್ನು ಕೆಳಗಿಟ್ಟು ಐದು ಗಂಟೆಗೆ ಮತ್ತೆ ಲೌಂಜಿಗೆ ಹೋದೆ. ನಿನ್ನೆ ಕೂತಿದ್ದ ಮೇಜಿನ ಮೇಲೆ ತ್ರಿಕೋನಾಕಾರದ ಒಂದು ಕಾರ್ಡು ನಿಂತಿತ್ತು. ಬಿಯರ್ 9, ವೈನ್ 13, ಸಿಂಗಲ್ ಮಾಲ್ಟ್ 19 ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಇದನ್ನು ನೋಡದೆ ಹೇಗೆ ಇದ್ದೆ? ಎತ್ತಿ ನೋಡಿದೆ. ಕಾರ್ಡಿನ ಮಧ್ಯೆ ಗ್ಲಾಸಿನ ತಳದ ದುಂಡನೆ ಕಲೆ, ಅದರ ಅಂಚಿಗೆ ಅಂಟಿಕೊಂಡ ಕಡಲೆಕಾಯಿ ಮಸಾಲೆ. ನಿನ್ನೆ ಅದನ್ನು ಮಡಚಿ ಬಿಯರಿನ ಕೆಳಗೆ ಇಟ್ಟುಕೊಂಡವನು ನಾನೇ. ಮೇಜು ಒದ್ದೆಯಾಗಬಾರದು ಅಂತ.

ಲೆಕ್ಕ ಹಾಕಿದೆ. ನಾಲ್ಕು ಬಿಯರ್ 36, ಮೂರು ವೈನ್ 39, ಮಾಲ್ಟ್ 19, ಒಟ್ಟು 94. ಅದರ ಮೇಲೆ ನೂರಕ್ಕೆ ಏಳರಂತೆ ತೆರಿಗೆ. ಕುಡಿಯುವ ಚಹಾದ ಮೇಲೆ ತೆರಿಗೆ ಹಾಕಿದ್ದಕ್ಕೆ ಸಿಟ್ಟಾಗಿ 1773ರಲ್ಲಿ ಮುನ್ನೂರಕ್ಕೂ ಹೆಚ್ಚು ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದ ಊರಿದು. ಆ ಗಲಾಟೆಯ ಮುಂದಾಳುಗಳಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಆಡಮ್ಸ್ ಹೆಸರಿನ ಬಿಯರಿಗೇ ನಾನು ಕಮಕ್ ಕಿಮಕ್ ಅನ್ನದೆ ತೆರಿಗೆ ಕಟ್ಟಿದ್ದೆ. ಡಾಲರಿಗೆ 85 ಅಂತ ಹಿಡಿದರೂ ಎಂಟೂವರೆ ಸಾವಿರ ರೂಪಾಯಿ. ಅದರಲ್ಲಿ ಸಾವಿರದ ನೂರು ರೂಪಾಯಿಯ ವೈನನ್ನು ಯಾರೂ ಕುಡಿಯಲೇ ಇಲ್ಲ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಎರಡು ಡಾಲರು. ಅಲ್ಲಿ ನೂರಕ್ಕೆ ಹದಿನೈದು, ಇಪ್ಪತ್ತು ಟಿಪ್ಸ್ ಕೊಡುವುದು ವಾಡಿಕೆ. ಎಂಟು ಸಲ ಎದ್ದು ಸುರಿದುಕೊಟ್ಟ ಮೇಡಂಗೆ ನಾನು 94ಕ್ಕೆ ಎರಡು ಕೊಟ್ಟು, ಎದೆ ಉಬ್ಬಿಸಿಕೊಂಡು ಹೊರಗೆ ಬಂದಿದ್ದೆ. ಹೋಗಿ 15 ಡಾಲರ್ ಮುಂದಿಟ್ಟು, ನಿನ್ನೆ ನನಗೆ ಗೊತ್ತಾಗಲಿಲ್ಲ ಅಂದೆ. ಅವರು ಕನ್ನಡಕ ಇಳಿಸಿ ನಕ್ಕರು. ನಿಮ್ಮಂಥವರು ಬರುತ್ತಿರುತ್ತಾರೆ, ಕೆಲವರು ಬಿಲ್ಲು ಬಂದ ಮೇಲೆ ಕೂಗಾಡುತ್ತಾರೆ, ನೀವು ಪರವಾಗಿಲ್ಲ ಅಂದರು. ಶುಂಠಿ ಸೋಡಾದ ಕ್ಯಾನು ತೋರಿಸಿ, ಇದು ಮಾತ್ರ ಫ್ರೀ ಅಂದರು.

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು. ಅಲ್ಲೇ ಎರಡು ಕುಡಿದೆ, ಎರಡನ್ನು ಲ್ಯಾಪ್‌ಟಾಪ್ ಬ್ಯಾಗಿಗೆ ಇಳಿಸಿದೆ. ಏರ್‌ಪೋರ್ಟಿನ ತಪಾಸಣೆಯಲ್ಲಿ ನೂರು ಎಂ.ಎಲ್. ದಾಟಿದ ದ್ರವ ಬಿಡುವುದಿಲ್ಲ ಅನ್ನುವುದು ಮರೆತೇ ಹೋಗಿತ್ತು. 355ರ ಎರಡು ಕ್ಯಾನು ನನ್ನ ಕಣ್ಣೆದುರೇ ಕಸದ ಬುಟ್ಟಿಗೆ ಬಿದ್ದವು.

ಊರಿಗೆ ಬಂದು, ಆಗಲಿ ನೋಡೋಣ ಅಂತ ಎಲ್ಲವನ್ನೂ ಆಫೀಸಿನ ಖರ್ಚಿನ ಪಟ್ಟಿಗೆ ಹಾಕಿದೆ. ‘ಎಲ್‌ಎನ್‌ಜಿ ಬೆವ್’ ಅಂತಲೇ ಬರೆದೆ, ಅಕೌಂಟ್ಸಿನವರೂ ಗ್ಯಾಸು ಅಂದುಕೊಳ್ಳಲಿ ಅಂತ. ಮೂರನೇ ದಿನ ಉತ್ತರ ಬಂತು. ಮದ್ಯಕ್ಕೆ ಕಂಪನಿ ದುಡ್ಡು ಕೊಡುವುದಿಲ್ಲ, ತಿರಸ್ಕೃತ. 15 ಡಾಲರ್ ಟಿಪ್ಸ್‌ಗೆ, ತಗೊಂಡವರಿಂದ ರಸೀದಿ ತಂದು ಲಗತ್ತಿಸಿ. ದಿನಕ್ಕೆ 5 ಡಾಲರ್ ಒಳಗಿನ ಟಿಪ್ಸ್‌ಗೆ ರಸೀದಿ ಬೇಕಿಲ್ಲವಾದ್ದರಿಂದ, 2 ಡಾಲರ್ ಮಂಜೂರು.

ಆ 170 ರೂಪಾಯಿ ಸಂಬಳದ ಜೊತೆ ಬಂತು. ಕಾಂಗ್ರೆಸ್ ಕಡಲೆಕಾಯಿ ತಂದು ಮನೆಯಲ್ಲಿ ಕೂತು ತಿಂದೆ. ಹೆಂಡತಿ ಲೈಮ್ ಸೋಡಾ ಮಾಡಿಕೊಟ್ಟಳು. ಸಹಿ ಕೇಳಲಿಲ್ಲ.