ಕೂಸಿಗೆ ಶಕ್ತಿ ಕಮ್ಮಿ ಆಗಿಲ್ಲ

ಅಕ್ಕನ ಮಗಳಿಗೆ 9 ವರ್ಷ. ಹೋದ ವರ್ಷ ಟೈಪ್ 1 ಶುಗರ್ ಅಂತ ಗೊತ್ತಾಯಿತು. ಈಗ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಮೊನ್ನೆ ಕಲಬುರಗಿಯ ನಮ್ಮ ಮನೆಗೆ ಬಂದ ಬಳಗದವರೊಬ್ಬರು ಪುಡಿ ಡಬ್ಬಿ ಕೈಗಿಟ್ಟು, "ಕೂಸಿಗಿ ಇಮ್ಯುನಿಟಿ ಕಮ್ಮಿ ಆಗ್ಯಾದ, ಇದು ಹಾಲಿನಾಗ ಹಾಕಿ ಕುಡಸ್ರಿ, ಸೂಜಿ ಬಿಡ್ತದ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಪೂರ್ತಿ ತಪ್ಪು ಮಾತು, ಅಪಾಯದ್ದು ಕೂಡ.

ಈ ಮಗುವಿನ ಮೈಯಲ್ಲಿ ಕಾವಲು ಕಮ್ಮಿ ಬಿದ್ದಿಲ್ಲ. ಕಾವಲಿಗಿದ್ದ ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳೇ ಇನ್ಸುಲಿನ್ ಮಾಡುವ ಸೆಲ್‌ಗಳನ್ನು ಹೊರಗಿನವು ಅಂತ ತಿಳಿದು ಕೊಂದಿವೆ.

ನಮ್ಮದನ್ನು ಮುಟ್ಟಬಾರದು ಅಂತ ಟಿ ಸೆಲ್‌ಗೆ ಕಲಿಸೋ ಜಾಗ ಥೈಮಸ್. ಎದೆಯ ನಡುವಿನ ಎಲುಬಿನ ಹಿಂದೆ ಇರುತ್ತೆ. ಬಸಿರಿನ ಎರಡನೇ ತಿಂಗಳಲ್ಲಿ ಪಿಂಡದ ಕುತ್ತಿಗೆಯ ಹತ್ತಿರ ಎರಡೂ ಬದಿ ಮೂಡಿ, ಆಮೇಲೆ ಎದೆಗೆ ಇಳಿಯುತ್ತೆ. ಅದಕ್ಕೆ ದೊಡ್ಡ ಕೆಲಸವೇನೂ ಇಲ್ಲ ಅಂತ ಬಹಳ ದಿನ ತಿಳಿದಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಅನ್ನೋ ವಿಜ್ಞಾನಿ ಆಗತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಬೇರೆ ಇಲಿಯ ಚರ್ಮ ಅಂಟಿಸಿದರೂ ಅವುಗಳ ಮೈ ಬೇಡ ಅನ್ನಲಿಲ್ಲ! ಹೊರಗಿನದನ್ನು ಗುರುತು ಹಿಡಿಯೋ ಕಾವಲೇ ಅವುಗಳಲ್ಲಿ ಸರಿಯಾಗಿ ಬೆಳೆದಿರಲಿಲ್ಲ.

ಅದರೊಳಗೆ ನಡೆಯೋದು ಓದಿದಾಗ ನನಗೆ ಅವ್ವ ತೊಗರಿ ಹಸನು ಮಾಡೋದೇ ಕಣ್ಣಿಗೆ ಬಂತು. ಮೊದಲು ಮೊರದಲ್ಲಿ ಕೇರಿ ಜೊಳ್ಳು ಹಾರಿಸುತ್ತಾಳೆ. ಆಮೇಲೆ ಬಾಗಿಲ ಬೆಳಕಿಗೆ ಕೂತು, ಕಾಳು ಬೆರಳಲ್ಲಿ ಸರಿಸುತ್ತಾ ಕಲ್ಲು ಆರಿಸುತ್ತಾಳೆ. ತೊಗರಿ ಬಣ್ಣದ ಕಲ್ಲೇ ಕಷ್ಟ, ಕಣ್ಣು ತಪ್ಪಿಸುತ್ತೆ. ಥೈಮಸ್‌ನಲ್ಲೂ ಹೀಗೇ. ಮೂಳೆಯ ಮಜ್ಜೆಯಿಂದ ಬಂದ ಎಳೆ ಸೆಲ್‌ಗಳಿಗೆ ಹೊರಪದರದಲ್ಲಿ ಮೊದಲ ಪರೀಕ್ಷೆ: ನಮ್ಮ ಸೆಲ್‌ಗಳು ಎತ್ತಿ ಹಿಡಿದ ಪ್ರೋಟೀನ್ ಚೂರನ್ನು ಗುರುತು ಹಿಡಿಯೋಕೆ ಬರುತ್ತಾ? ಬರದವು ಜೊಳ್ಳು, ಅಲ್ಲೇ ಸಾಯುತ್ತವೆ. ಒಳಪದರದಲ್ಲಿ ಕಲ್ಲು ಆರಿಸೋ ಕೆಲಸ. ಅಲ್ಲಿನ ಸೆಲ್‌ಗಳು ಏರ್ ಅನ್ನೋ ಜೀನ್‌ನ ಬಲದಿಂದ ಮೈಯ ಬೇರೆ ಬೇರೆ ಕಡೆ ತಯಾರಾಗುವ ಸಾವಿರಾರು ಪ್ರೋಟೀನ್‌ಗಳನ್ನು, ಇನ್ಸುಲಿನ್ ಕೂಡ, ಚೂರು ಚೂರೇ ತಾವೇ ಮಾಡಿ ತೋರಿಸುತ್ತವೆ. ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡ ಟಿ ಸೆಲ್ ಸಾಮಾನ್ಯವಾಗಿ ಅಲ್ಲೇ ಮುಗಿಯಿತು. ಅಂಥವುಗಳಲ್ಲಿ ಕೆಲವು ಉಳಿದು, ಬೇರೆ ಟಿ ಸೆಲ್‌ಗಳನ್ನು ಸುಮ್ಮನಿರಿಸುವ ಹಿರಿಯರಾಗಿ ಹೊರಗೆ ಬರುತ್ತವೆ. ಇಂಥ ಸೆಲ್‌ಗಳ ಮೇಲಿನ ಕೆಲಸಕ್ಕೇ ವಿಜ್ಞಾನಿ ಶಿಮೊನ್ ಸಕಾಗುಚಿ ಮತ್ತೆ ಇನ್ನಿಬ್ಬರಿಗೆ 2025ರ ವೈದ್ಯಕೀಯ ನೊಬೆಲ್ ಬಂದಿದ್ದು. ಒಳಗೆ ಹೋದ 100ರಲ್ಲಿ 95ಕ್ಕಿಂತ ಜಾಸ್ತಿ ಸೆಲ್‌ಗಳು ಹೊರಗೆ ಬರೋದೇ ಇಲ್ಲ. ಇಷ್ಟು ಆರಿಸಿದರೂ ಒಂದೆರಡು ಕಲ್ಲು ದಾಟುತ್ತವೆ. ಥೈಮಸ್‌ನಲ್ಲಿ ಇನ್ಸುಲಿನ್ ಕಮ್ಮಿ ತಯಾರಾಗುವಂಥ ಜೀನ್ ಇರುವವರಿಗೆ ಟೈಪ್ 1 ಬರೋ ಸಾಧ್ಯತೆ ಜಾಸ್ತಿ.

ಇದರಲ್ಲಿ ಮಗು ತಿಂದ ಪೇಡೆಯ ತಪ್ಪೇನು? ಅಕ್ಕನ ತಪ್ಪೇನು? "ಸಿಹಿ ಜಾಸ್ತಿ ತಿನ್ನಿಸಿದ್ರಿ" ಅಂತ ಅವಳ ಎದುರಿಗೇ ಅಂದವರಿದ್ದಾರೆ, ಅವಳು ಅಡುಗೆಮನೆಗೆ ಹೋಗಿ ಅತ್ತಿದ್ದಾಳೆ. ದಯವಿಟ್ಟು ಹಾಗೆ ಅನ್ನಬೇಡಿ. ಇಮ್ಯುನಿಟಿ ಜಾಸ್ತಿ ಮಾಡ್ತೀವಿ ಅಂತ ಮಾರೋರ ಮಾತು ಕೇಳಿ ಇಂಥ ಮಕ್ಕಳ ಇನ್ಸುಲಿನ್ ನಿಲ್ಲಿಸಲೇಬೇಡಿ. ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಕುತ್ತು.

ಆ ಡಬ್ಬಿಯನ್ನು ಅಕ್ಕ ತೆರೆಯದೆ ಮೇಲಿನ ಹಲಗೆಗೆ ಇಟ್ಟಳು. ರಾತ್ರಿ ರೊಟ್ಟಿಗೆ ಕೂರುವ ಮುಂಚೆ ಹುಡುಗಿ ತಾನೇ ಇನ್ಸುಲಿನ್ ಪೆನ್ ತಂದು, ಯೂನಿಟ್ ಎಣಿಸಿ ತಿರುಗಿಸಿ, ತನ್ನ ಅವ್ವನಿಗೆ ಒಮ್ಮೆ ತೋರಿಸಿ ಚುಚ್ಚಿಕೊಂಡಳು.