ಹಸಿರು ಸುಕುಕ್: ಹಣ ಯಾವ ಆಸ್ತಿಯನ್ನು ಕಟ್ಟುತ್ತಿದೆ?

ಹವಾಮಾನ ಬದಲಾವಣೆಯನ್ನು ಎದುರಿಸಲು ಬೇಕಾದ ಬಂಡವಾಳದ ಚರ್ಚೆಯಲ್ಲಿ ಇಸ್ಲಾಮಿಕ್ ಹಣಕಾಸಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಬಡ್ಡಿ ನಿಷಿದ್ಧವಾಗಿರುವ ಈ ವ್ಯವಸ್ಥೆಯಲ್ಲಿ ಸಾಲಪತ್ರದ ಜಾಗದಲ್ಲಿರುವುದು ಸುಕುಕ್. ಅದನ್ನು ಕೊಂಡವರಿಗೆ ಯಾವುದಾದರೊಂದು ಆಸ್ತಿಯಲ್ಲಿ ಅಥವಾ ಯೋಜನೆಯಲ್ಲಿ ಪಾಲು ದೊರೆಯುತ್ತದೆ. ಕೈಗೆ ಬರುವ ಆದಾಯವೂ ಅದರ ಬಾಡಿಗೆಯಿಂದಲೋ ಲಾಭದಿಂದಲೋ ಬರಬೇಕು. ಹಾಗಾಗಿ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಇಲ್ಲಿ ಒಪ್ಪಂದದೊಳಗೇ ಅಡಕವಾಗಿದೆ.

ಪರಿಸರಸ್ನೇಹಿ ಯೋಜನೆಗಳಿಗೆಂದೇ ಹಣ ಎತ್ತುವ ಸುಕುಕ್ ಹಸಿರು ಸುಕುಕ್. ಜಗತ್ತಿನ ಮೊದಲ ಹಸಿರು ಸುಕುಕ್ ಹೊರಬಂದದ್ದು 2017ರಲ್ಲಿ, ಮಲೇಷ್ಯಾದಲ್ಲಿ. ಸಬಾ ರಾಜ್ಯದ ಕುಡಾಟ್‌ನಲ್ಲಿ 50 ಮೆಗಾವ್ಯಾಟ್‌ನ ಸೌರ ವಿದ್ಯುತ್ ಸ್ಥಾವರ ಕಟ್ಟಲು ತಡಾವು ಎನರ್ಜಿ ಸಂಸ್ಥೆ ಅದರ ಮೂಲಕ 25 ಕೋಟಿ ರಿಂಗಿಟ್ ಎತ್ತಿತು. ಮರುವರ್ಷ ಇಂಡೋನೇಷ್ಯಾ ಸರ್ಕಾರವೇ 125 ಕೋಟಿ ಡಾಲರ್‌ಗಳ ಹಸಿರು ಸುಕುಕ್ ಹೊರಡಿಸಿತು. 2019ರಲ್ಲಿ ಕನಿಷ್ಠ ಹತ್ತು ಲಕ್ಷ ರುಪಿಯಾ (ಇಂಡೋನೇಷ್ಯಾದ ಕರೆನ್ಸಿ) ಹೂಡಿ ಅಲ್ಲಿನ ಸಾಮಾನ್ಯ ನಾಗರಿಕರೂ ಇದರಲ್ಲಿ ಪಾಲ್ಗೊಳ್ಳುವಂತಾಯಿತು. ಹಣ ಯಾವ ಯೋಜನೆಗಳಿಗೆ ಹೋಯಿತೆಂಬ ವರದಿಯನ್ನೂ ಆ ಸರ್ಕಾರ ಪ್ರಕಟಿಸುತ್ತದೆ. ನನ್ನ ಮಟ್ಟಿಗೆ ಸುಕುಕ್‌ನ ಮೊತ್ತಕ್ಕಿಂತ ಈ ವರದಿಯೇ ಹೆಚ್ಚು ಮುಖ್ಯ.

ಆದರೆ ಷರಿಯಾ ಸಮ್ಮತವಾದದ್ದೆಲ್ಲ ಹಸಿರಲ್ಲ. ಮದ್ಯ, ಜೂಜು, ಹಂದಿಮಾಂಸ, ಬಡ್ಡಿ ವ್ಯವಹಾರಗಳನ್ನು ಹೊರಗಿಡುವ ವಾಡಿಕೆಯ ಪರಿಶೀಲನೆ ತೈಲ, ಕಲ್ಲಿದ್ದಲುಗಳನ್ನು ತಡೆಯುವುದಿಲ್ಲ. 2021ರಲ್ಲಿ ಸೌದಿ ಅರಾಮ್ಕೊ 600 ಕೋಟಿ ಡಾಲರ್‌ಗಳ ಸುಕುಕ್ ಹೊರಡಿಸಿದಾಗ ಈ ನಿಯಮಗಳಲ್ಲಿ ಒಂದೂ ಮುರಿದಿರಲಿಲ್ಲ. ಆದರೆ 2015ರಲ್ಲಿ ಇಸ್ತಾನ್‌ಬುಲ್‌ನಲ್ಲಿ ಹೊರಬಂದ ಇಸ್ಲಾಮಿಕ್ ಹವಾಮಾನ ಘೋಷಣೆಯು ಶ್ರೀಮಂತ ದೇಶಗಳೂ ತೈಲ ಉತ್ಪಾದಕ ದೇಶಗಳೂ ಈ ಶತಮಾನದ ಮಧ್ಯದೊಳಗೆ ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ಕೇಳಿತ್ತು. ಜೀವ, ಸಂತತಿ, ಸಂಪತ್ತುಗಳ ರಕ್ಷಣೆಯನ್ನು ಷರಿಯಾದ ಗುರಿಗಳೆಂದು ಇಸ್ಲಾಮಿಕ್ ಚಿಂತಕ ಅಲ್-ಗಜಾಲಿ ಶತಮಾನಗಳ ಹಿಂದೆಯೇ ವಿವರಿಸಿರುವಾಗ, ಬ್ಯಾಂಕುಗಳ ಷರಿಯಾ ಮಂಡಳಿಗಳು ಒಪ್ಪಂದದ ರೂಪವನ್ನಷ್ಟೇ ನೋಡಿ ಮುದ್ರೆ ಒತ್ತುವುದು ನನಗೆ ಸರಿಯೆನಿಸುವುದಿಲ್ಲ. ಇಂಗಾಲದ ಹೊರಸೂಸುವಿಕೆಯೂ ಅವುಗಳ ಪರಿಶೀಲನೆಯ ಭಾಗವಾಗಬೇಕು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಸೌರ ಸ್ಥಾವರ ವಿದ್ಯುತ್ ಮಾರಿ ಆದಾಯ ತರುತ್ತದೆ. ಕಡಲ್ಕೊರೆತ ತಡೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಹೂಡಿಕೆದಾರರಿಗೆ ಅಂಥ ಆದಾಯ ತರುವುದಿಲ್ಲ. ಅಂಥ ಕೆಲಸಕ್ಕೆ ವಕ್ಫ್ ಹೊಂದುತ್ತದೆ, ಏಕೆಂದರೆ ಅಲ್ಲಿ ಮೂಲಧನ ಹಾಗೆಯೇ ಉಳಿದು ಅದರ ಫಲ ಸಾರ್ವಜನಿಕ ಹಿತಕ್ಕೆ ಸಲ್ಲುತ್ತದೆ. ವಕ್ಫ್ ಹಣವನ್ನು ಸರ್ಕಾರಿ ಸುಕುಕ್‌ನಲ್ಲಿ ತೊಡಗಿಸಿ, ಬಂದ ಆದಾಯವನ್ನು ಸಮಾಜಸೇವೆಗೆ ಬಳಸುವ ವ್ಯವಸ್ಥೆ ಇಂಡೋನೇಷ್ಯಾದಲ್ಲಿ ಈಗಾಗಲೇ ಇದೆ. ಆ ಆದಾಯದ ಒಂದು ಪಾಲನ್ನು ಕರಾವಳಿಯ ರಕ್ಷಣೆಗೆಂದೇ ಮೀಸಲಿಡುವುದಕ್ಕೆ ಹೊಸ ಸಿದ್ಧಾಂತವೇನೂ ಬೇಕಿಲ್ಲ, ವಕ್ಫ್ ಮಂಡಳಿಗಳ ತೀರ್ಮಾನ ಸಾಕು.